ನನ್ನ ಕುರ್ಚಿಯೂ ಸೊಸೆಯ ಸಮಾಜ ಪಾಠವೂ

ನನ್ನ ಸೊಸೆ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಹೀಗೆ ಒಂದೇ ವಾಕ್ಯದಲ್ಲಿ ಹೇಳಿದರೆ ಕೇಳಿದವರು "ಓಹೋ, ಒಳ್ಳೇದು" ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದರ ಪೂರ್ತಿ ಅರ್ಥ ಗೊತ್ತಿರುವುದು ಅವಳ ಜೊತೆ ಒಂದೇ ಸೂರಿನಡಿ ಬಾಳುವವರಿಗೆ ಮಾತ್ರ. ನಮ್ಮ ಮನೆಯಲ್ಲಿ ಯಾವ ಸಾಮಾನೂ ಬರೀ ಸಾಮಾನಲ್ಲ, ಇವತ್ತಲ್ಲ ನಾಳೆ ಪಾಠವಾಗತಕ್ಕದ್ದು. ನನ್ನ ನೀಲಿ ಹೊದಿಕೆ ಸಮುದ್ರವಾಯಿತು. ಇಸ್ತ್ರಿ ಮಾಡುವ ಮೇಜು ಪ್ರಸ್ಥಭೂಮಿಯಾಯಿತು. ಮೆಣಸು, ಲವಂಗ, ದಾಲ್ಚಿನ್ನಿ ಡಬ್ಬಿಗಳು ಕಡಲ ವ್ಯಾಪಾರದ ಪಾಠಕ್ಕೆಂದು ಹೊರಟುಹೋದವು. ತಿರುಗಿ ಬಂದದ್ದು ಡಬ್ಬಿಗಳಷ್ಟೇ.

ಒಂದು ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲುಗಳಲ್ಲಿ ಕಾಳು ತುಂಬಿಟ್ಟಿದ್ದಳು. ಒಂದೊಂದು ಬಟ್ಟಲು ಒಂದೊಂದು ಖಂಡ, ಒಂದೊಂದು ಕಾಳು ಇಷ್ಟಿಷ್ಟು ಲಕ್ಷ ಜನ ಎಂದು ಲೆಕ್ಕವಂತೆ. ನನಗೇನು ಗೊತ್ತು? ಎಲ್ಲವನ್ನೂ ಒಟ್ಟಿಗೆ ಬೇಯಿಸಿ ಒಗ್ಗರಣೆ ಕೊಟ್ಟೆ. ಊಟದ ನಡುವೆ ಸೊಸೆ ತಟ್ಟೆಯನ್ನೇ ದಿಟ್ಟಿಸುತ್ತಾ, "ಅತ್ತೆ, ಇದು ಯಾವ ಬಟ್ಟಲಿನ ಕಾಳು?" ಎಂದಳು.

"ಎಲ್ಲಾ ಬಟ್ಟಲಿಂದೂ. ಯಾಕೆ?"

"ಏನಿಲ್ಲ. ಪ್ರಪಂಚ ಮುಗೀತು."

ನನ್ನ ಮಗ ಇನ್ನೊಂದು ಸೌಟು ಬಡಿಸಿಕೊಂಡ. ಜನಸಂಖ್ಯೆ ಚೆನ್ನಾಗಿ ಬೆಂದಿತ್ತು.

ಈ ಮಗರಾಯ ಕನ್ನಡಕದಂಗಡಿ ಇಟ್ಟುಕೊಂಡಿದ್ದಾನೆ. ಊರಿನವರಿಗೆಲ್ಲ ನೋಟ ಸರಿಮಾಡುವ ಇವನಿಗೆ ಮನೆಯೊಳಗೆ ನಡೆಯುವುದು ಒಂದೂ ಕಾಣುವುದಿಲ್ಲ. ಅತ್ತೆ ಸೊಸೆಯರ ವಿಷಯದಲ್ಲಿ ಅವನು ಅಲಿಪ್ತ ರಾಷ್ಟ್ರ. ಆ ಬಿರುದು ಕೊಟ್ಟವಳೂ ಸೊಸೆಯೇ.

ಇನ್ನು ನಾನು. ನಾನು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ಜಡ್ಜ್ ಸಾಹೇಬರು ಹೇಳುತ್ತಾ ಹೋಗುವುದು, ನಾನು ಕುಟ್ಟುತ್ತಾ ಹೋಗುವುದು, ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೂ ಇದೇ. ಎಷ್ಟೋ ಸಲ ಸಾಕ್ಷಿ ಹಸಿ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಾಗಿ ಬೆರಳು ತುರಿಸುತ್ತಿತ್ತು. ಆದರೆ ನನ್ನದೊಂದು ಮಾತು ಸೇರಿಸುವ ಹಾಗಿರಲಿಲ್ಲ. ನಾನು ನಿವೃತ್ತಳಾದ ವರ್ಷ ಹಳೇ ಕೋರ್ಟ್ ಹಾಲಿನ ಪೀಠೋಪಕರಣಗಳನ್ನು ಹರಾಜು ಹಾಕಿದರು. ಜಡ್ಜ್ ಕುರ್ಚಿಯನ್ನು ನಾನೇ ಕೂಗಿ ತಂದೆ. ಎತ್ತರದ ಬೆನ್ನು, ಸವೆದು ನುಣುಪಾದ ಕೈಗಳು, ಕೂತೊಡನೆ ಕಿರ್ ಎನ್ನುವ ಸೀಟು. ಹಜಾರದ ಕಿಟಕಿಯ ಪಕ್ಕ ಅದನ್ನು ಹಾಕಿಕೊಂಡೆ. ಇನ್ನು ಮೇಲೆ ಇದರಲ್ಲಿ ಕೂತು ಮಾತಾಡುವವಳು ನಾನೇ, ಬೇರೆ ಯಾರೂ ಕೂರಕೂಡದು ಎಂದು ಮೊದಲ ದಿನವೇ ಹೇಳಿಬಿಟ್ಟೆ. ನೆಂಟರು ತಿಳಿಯದೆ ಕೂರಲು ಹೋದರೆ ಮಗ ಓಡಿಬಂದು ಅವರ ತೋಳು ಹಿಡಿದು ಎಬ್ಬಿಸುತ್ತಾನೆ. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಆ ಕುರ್ಚಿಯಿಂದ ದಿನದ ತೀರ್ಪುಗಳು ಹೊರಬೀಳುತ್ತವೆ. ನಲ್ಲಿಯನ್ನು ಬಿಗಿಯಾಗಿ ತಿರುಗಿಸದವರು ಯಾರು, ಬಾಗಿಲ ಬಳಿ ಗೋಂದು ಚೆಲ್ಲಿದವರು ಯಾರು ಇತ್ಯಾದಿ. ಎರಡಕ್ಕೂ ಅಪರಾಧಿ ಸಾಮಾನ್ಯವಾಗಿ ಒಬ್ಬಳೇ.

ಒಂದು ಪಾಠಕ್ಕೆ ಇಷ್ಟೆಲ್ಲ ಸಾಮಾನು ಯಾಕೆ ಎಂದು ಅವಳನ್ನು ಹಿಡಿದು ಕೇಳಿದರೆ ಒಂದೇ ಉತ್ತರ. "ಒಂದೇ ಬಾಗಿಲಿರೋ ಮನೆಗೆ ಎಲ್ರೂ ಬರೋಕಾಗಲ್ಲ ಅತ್ತೆ. ಪಾಠಕ್ಕೆ ನಾಲ್ಕೈದು ಬಾಗಿಲಾದ್ರೂ ಇಡ್ಬೇಕು."

"ಕಳ್ಳರೂ ಬರ್ತಾರೆ" ಎಂದಿದ್ದೆ ನಾನು.

ಅವಳ ತರಗತಿಯಲ್ಲಿ ಮಕ್ಕಳು ಒಬ್ಬರ ಹಾಗೆ ಒಬ್ಬರಿಲ್ಲ. ಒಬ್ಬ ಹುಡುಗ ಕೂತಲ್ಲಿ ಕೂರುವವನಲ್ಲ. ಬೆಂಚಿನ ಮೇಲೆ ಅವನನ್ನು ಕೂರಿಸುವುದೂ ಅಂಗೈಯಲ್ಲಿ ಪಾದರಸ ಹಿಡಿಯುವುದೂ ಒಂದೇ, ಹಾಗಾಗಿ ನಮ್ಮ ಮನೆಯಲ್ಲಿ ಅವನ ಹೆಸರೇ ಪಾದರಸ. ಇನ್ನೊಬ್ಬನಿಗೆ ಕಣ್ಣು ಬಹಳ ಮಂಜು. ನನ್ನ ಮಗನ ಅಂಗಡಿಯ ದಪ್ಪ ಗಾಜಿಗೂ ಬಗ್ಗದ ಮಂಜು. ಆದರೆ ಕೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸುತ್ತಾನೆ, ಅವನು ಕಿವಿರಾಯ. ಅಕ್ಷರಗಳು ಕಣ್ಣೆದುರು ಕುಣಿಯುತ್ತವೆ ಎಂದು ಓದಲಾರದೆ ಇಡೀ ದಿನ ಚಿತ್ರ ಬರೆಯುವವನು ಒಬ್ಬ, ಚಿತ್ರಗಾರ. ಮತ್ತೆ ಆ ಹುಡುಗಿ, ಮೌನಗೌರಿ. ಅವಳು ಮನೆಯಲ್ಲಿ ಅಮ್ಮನ ಹತ್ತಿರ ಮಾತಾಡುತ್ತಾಳಂತೆ. ಶಾಲೆಯ ಗೇಟು ದಾಟಿದರೆ ತುಟಿ ಬಿಚ್ಚುವುದಿಲ್ಲ.

ಇವರೆಲ್ಲರಿಗೂ ಒಂದೊಂದು ಬಾಗಿಲು ಕೊರೆಯುವುದೇ ಸೊಸೆಯ ಸಂಸಾರ. ಎಲ್ಲ ಸಲವೂ ಗೆದ್ದಳೆಂದಲ್ಲ. ತೆರಿಗೆ ಎಂದರೇನು ಎಂದು ಕಲಿಸಲು ಹೋಗಿ ಎಲ್ಲರಿಂದಲೂ ದಿನಕ್ಕೊಂದು ಪೆನ್ಸಿಲ್ ವಸೂಲಿ ಮಾಡತೊಡಗಿದಳು. ವಾರ ಮುಗಿಯುವುದರೊಳಗೆ ಪಾದರಸನ ಮುಂದಾಳ್ತನದಲ್ಲಿ ತರಗತಿ ದಂಗೆಯೆದ್ದು ಖಜಾನೆಯ ಡಬ್ಬಿಯನ್ನು ಲೂಟಿ ಮಾಡಿತು. ಕ್ರಾಂತಿಯ ಪಾಠ ಇದ್ದದ್ದು ಮುಂದಿನ ತಿಂಗಳು. ಮಕ್ಕಳು ಆಗಲೇ ಮುಗಿಸಿಬಿಟ್ಟಿದ್ದರು.

ಆ ಗಲಾಟೆ ಹೆಡ್‌ಮಾಸ್ಟರ ಕಿವಿಗೆ ಬಿತ್ತು. ಅವರು ಕೆಟ್ಟವರಲ್ಲ. ಅಕ್ಷರ ದುಂಡಗಿದ್ದರೆ ಇತಿಹಾಸ ತಾನಾಗಿ ನೆಟ್ಟಗಾಗುತ್ತದೆ ಎಂದು ನಂಬಿದವರು, ಅಷ್ಟೇ. ಟಿಪ್ಪಣಿ ಬರೆಸಿದ್ದೀರಾ ಎಂಬುದೇ ಅವರ ಮೊದಲ ಪ್ರಶ್ನೆ, ಕೊನೆಯ ಪ್ರಶ್ನೆಯೂ ಅದೇ. ಸೊಸೆಯನ್ನು ಕರೆದು ಹೇಳಿದರು: ಈ ನಾಲ್ವರಿಂದ ಉಳಿದವರಿಗೂ ತೊಂದರೆ, ಅವರಿಗೂ ಒಳ್ಳೆಯದಲ್ಲ, ಮೆಟ್ಟಿಲ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿ ಅವರನ್ನು ಅಲ್ಲಿ ಬೇರೆ ಕೂರಿಸೋಣ. ಆ ಕೋಣೆಯಲ್ಲಿ ಈಗಿರುವುದು ಕಾಲು ಮುರಿದ ಬೆಂಚುಗಳು. ಅಲ್ಲಿ ಕಲಿಸುವವರು ಯಾರು ಎಂದು ಸೊಸೆ ಕೇಳಿದ್ದಕ್ಕೆ, ಯಾರನ್ನಾದರೂ ನೋಡೋಣ ಎಂದರಂತೆ. ಇವಳು ಹಟ ಹಿಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರ ಕಣ್ಣೆದುರಿಗೆ ಒಂದು ಪಾಠ ಮಾಡಬೇಕು. ಆ ನಾಲ್ವರೂ ಉಳಿದವರ ಜೊತೆ ಕೂತು ಅದೇ ಪಾಠ ಕಲಿತರೆಂದು ತೋರಿಸಬೇಕು. ಆಗದಿದ್ದರೆ ಸೋಮವಾರದಿಂದ ನಾಲ್ವರೂ ಮೆಟ್ಟಿಲ ಹಿಂದಕ್ಕೆ.

ಇದನ್ನೆಲ್ಲ ಅವಳು ನನ್ನ ಕುರ್ಚಿಯ ಪಕ್ಕ ನಿಂತು ಹೇಳಿದಳು. ಕಣ್ಣು ಕೆಂಪಗಾಗಿತ್ತು. "ಅತ್ತೆ, ಈ ಸಲದ ಪಾಠ ಕೋರ್ಟಿನ ಬಗ್ಗೆ. ಅದಕ್ಕೇ..." ಎಂದು ಶುರು ಮಾಡಿದಳು.

"ನನ್ನ ಸಾಮಾನು ಒಂದೂ ಹೊರಗೆ ಹೋಗೋ ಹಾಗಿಲ್ಲ" ಎಂದೆ. "ಹೊದಿಕೇಲಿ ಇನ್ನೂ ಸಮುದ್ರದ ಮರಳಿದೆ."

ಅವಳು ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕಲಾಪ ಅಲ್ಲಿಗೆ ಮುಗಿಯಿತು.

ಪಾಠದ ದಿನ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿ ಎದ್ದು ಹಜಾರಕ್ಕೆ ಬಂದರೆ ಕಿಟಕಿಯ ಪಕ್ಕ ಕುರ್ಚಿಯೇ ಇಲ್ಲ! ನೆಲದ ಮೇಲೆ ಕಾಲುಗಳಿದ್ದ ನಾಲ್ಕು ಕಡೆ ಬಿಳಿಚಿಕೊಂಡ ಗುರುತು ಮಾತ್ರ. ನೋಡುತ್ತೇನೆ, ಅಡುಗೆಮನೆಯ ಸ್ಟೂಲೂ ಇಲ್ಲ. ಕೊಡೆ ಹಿಡಿದು ಬೀದಿಗಿಳಿದೆ. ಮೂಲೆಯ ಇಸ್ತ್ರಿ ಅಂಗಡಿಯವನು ಕೇಳುವ ಮೊದಲೇ ಸಾಕ್ಷಿ ನುಡಿದ. "ನಿಮ್ಮ ಮಗನೇ ತಳ್ಳುಗಾಡೀಲಿ ಹಾಕ್ಕೊಂಡು ಹೋದ್ರಲ್ಲಮ್ಮಾ. ಒಂದ್ ಕೈ ನಾನೂ ಹಿಡ್ದೆ."

ಅಲಿಪ್ತ ರಾಷ್ಟ್ರ ಗುಟ್ಟಾಗಿ ಸಾರಿಗೆ ಒದಗಿಸಿತ್ತು. ನನಗೆ ನೆತ್ತಿಗೇರಿತು. ಇವತ್ತು ಅಧ್ಯಕ್ಷರು ಬರುವ ದಿನ, ನಾಲ್ಕು ಮಕ್ಕಳ ಹಣೆಬರಹ ತೀರ್ಮಾನವಾಗುವ ದಿನ ಎಂದು ನನಗೆ ಗೊತ್ತಿಲ್ಲದಿರಲಿಲ್ಲ. ಗೊತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ. ಮಂಡಿ ನೋವಿನವಳು ನಾನು, ಬೀಗ ರಿಪೇರಿಯವನ ಓಣಿಯನ್ನು ಹೇಗೆ ದಾಟಿದೆನೋ, ಶಾಲೆಯ ಮೆಟ್ಟಿಲನ್ನು ಹೇಗೆ ಹತ್ತಿದೆನೋ ನೆನಪಿಲ್ಲ.

ತರಗತಿಯ ಬಾಗಿಲು ತಳ್ಳಿದೆ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಹಿಂದಿನ ಗೋಡೆಯ ಬೆಂಚಿನಲ್ಲಿ ಹೆಡ್‌ಮಾಸ್ಟರು ಪೆನ್ನು ಹಿಡಿದು ಕೂತಿದ್ದರು. ಪಕ್ಕದಲ್ಲಿ ಅಧ್ಯಕ್ಷರು. ಅವರು ಬಣ್ಣದಂಗಡಿಯ ಮಾಲೀಕರು, ದೊಡ್ಡ ಮೈ, ಸಣ್ಣ ಬೆಂಚು. ಬೋರ್ಡಿನ ಮೇಲೆ 'ಎರಡೂ ಕಡೆಯವರ ಮಾತು ಕೇಳಬೇಕು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಓದಲಾಗದವರಿಗೆಂದು ಪಕ್ಕದಲ್ಲೇ ಚಿತ್ರ: ಎದುರುಬದುರು ಎರಡು ಬಾಯಿ, ನಡುವೆ ಒಂದು ದೊಡ್ಡ ಕಿವಿ. ಆ ಬೋರ್ಡಿನ ಕೆಳಗೆ ನನ್ನ ಕುರ್ಚಿ. ಅದರಲ್ಲಿ, ನನ್ನ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು, ಜಡ್ಜ್ ಆಗಿ ಮೌನಗೌರಿ! ಒಂದು ಕೈಯಲ್ಲಿ ಗಂಟೆ, ತೊಡೆಯ ಮೇಲೆ ಕೆಂಪು ಬಾವುಟ, ಹಸಿರು ಬಾವುಟ. ಎರಡು ಬೀದಿಯವರು ಒಂದು ನಲ್ಲಿಗಾಗಿ ಹೂಡಿದ ಮೊಕದ್ದಮೆ ನಡೆದಿತ್ತು.

"ಅದು ನನ್ನ ಕುರ್ಚಿ!" ಎಂದು ಕೂಗಿದೆ. "ಕೇಳದೆ ಹೇಳದೆ ತಂದಿದ್ದಾರೆ!"

ಸೊಸೆ ಬಣ್ಣಗೆಟ್ಟಳು. ಹೆಡ್‌ಮಾಸ್ಟರ ಪೆನ್ನು ಚುರುಕಾಯಿತು. ಆದರೆ ಮಕ್ಕಳ ಮುಖ ಅರಳಿತು. ಪಾಠದ ನಡುವೆ ಹೀಗೆ ಯಾರೋ ನುಗ್ಗಿ ಬರುವುದು ಅವರಿಗೆ ಹೊಸದಲ್ಲ. ಕಡಲ ವ್ಯಾಪಾರದ ದಿನ ಕಡಲ್ಗಳ್ಳನಾಗಿ ನನ್ನ ಮಗನೇ ನುಗ್ಗಿದ್ದನಂತೆ. ಇದೂ ಪಾಠದ್ದೇ ಎಂದುಕೊಂಡರು. ಎರಡು ಜಡೆಯ ಒಬ್ಬ ಹುಡುಗಿ, ಆ ನಲ್ಲಿ ಮೊಕದ್ದಮೆಯ ಲಾಯರಮ್ಮ, ಎದ್ದು ನಿಂತು, "ಅಜ್ಜಿ, ಹಾಗೆಲ್ಲ ಕೂಗೋ ಹಾಗಿಲ್ಲ. ದೂರು ಇದ್ರೆ ಕಟಕಟೆಗೆ ಬಂದು ಹೇಳ್ಬೇಕು" ಎಂದಳು.

ಮೌನಗೌರಿ ಗಂಟೆ ಬಾರಿಸಿ ಹಸಿರು ಬಾವುಟ ಎತ್ತಿದಳು. ದೂರು ಸ್ವೀಕಾರವಾಯಿತು. ಕೋರ್ಟಿನ ಜವಾನನಾಗಿದ್ದ ಪಾದರಸ ತಕ್ಷಣ ಓಟ ಕಿತ್ತ. ನಾನು ಅವನ ಮೂಗಿನೆದುರೇ ನಿಂತಿದ್ದರೂ ಇಡೀ ಕೋಣೆ ಸುತ್ತಿ, "ಫಿರ್ಯಾದಿ ಅಜ್ಜಿ ಹಾಜರಿದ್ದಾರಾ? ಹಾಜರಿದ್ದಾರಾ? ಹಾಜರಿದ್ದಾರಾ?" ಎಂದು ಕೂಗಿಬಂದ.

ಅಲ್ಲಿಂದ ಹೊರಟುಬಿಡಬಹುದಿತ್ತು. ಆದರೆ ಕೋರ್ಟಿನ ಗಾಳಿ ಕುಡಿದವಳಿಗೆ ಕಟಕಟೆ ಕರೆದರೆ ಹೋಗದಿರಲು ಆಗುತ್ತದೆಯೇ? ಮೇಜೊಂದನ್ನು ಅಡ್ಡ ಇಟ್ಟು ಕಟಕಟೆ ಮಾಡಿದ್ದರು, ಹೋಗಿ ಅದರ ಹಿಂದೆ ನಿಂತೆ. ಸಾಲದ್ದಕ್ಕೆ, "ಮೊದ್ಲು ಪ್ರಮಾಣ ಮಾಡಿಸ್ಬೇಕು ಕಣ್ರೋ, ಅಷ್ಟೂ ಗೊತ್ತಿಲ್ವಾ?" ಎಂದು ನಾನೇ ಹೇಳಿದೆ. ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದೆ.

ನನ್ನ ಹೇಳಿಕೆಯನ್ನು ಬರೆದುಕೊಳ್ಳುವವರು ಯಾರೂ ಕಾಣಲಿಲ್ಲ. ಟೈಪಿಸ್ಟ್ ಎಲ್ಲಿ ಎಂದು ಕೇಳಿದರೆ ಕಿವಿರಾಯನನ್ನು ತೋರಿಸಿದರು. ಆ ಕೋರ್ಟಿನ ದಾಖಲೆಯೇ ಅವನು. ನನ್ನ ಅಷ್ಟೂ ದೂರನ್ನು, ನಡುವಿನ ಏದುಸಿರು ಸಮೇತ, ನನ್ನದೇ ಧಾಟಿಯಲ್ಲಿ ಒಪ್ಪಿಸಿದ. ಅಧ್ಯಕ್ಷರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದರು.

ಲಾಯರಮ್ಮ ಪಾಟೀಸವಾಲಿಗೆ ನಿಂತಳು.

"ಅಜ್ಜಿ, ಈ ಕುರ್ಚೀಲಿ ನೀವೇನ್ ಮಾಡ್ತೀರಿ?"

"ಕೂರ್ತೀನಿ. ಕುರ್ಚೀಲಿ ಇನ್ನೇನ್ ಮಾಡ್ತಾರೆ?"

"ಕೂತ್ಕೊಂಡು?"

"ಮನೇಲಿ ಯಾರು ಏನು ತಪ್ಪು ಮಾಡಿದ್ರು ಅಂತ ಹೇಳ್ತೀನಿ."

"ಅಂದ್ರೆ ತೀರ್ಪು ಕೊಡ್ತೀರಿ."

"ಹಾಗೇ ಅಂದ್ಕೋ."

"ತೀರ್ಪು ಕೊಡೋ ಮುಂಚೆ ನಮ್ಮ ಟೀಚರ್ ಮಾತು ಕೇಳ್ತೀರಾ?"

"ಕೇಳ್ದೆ ಏನು" ಎಂದು ಬಾಯಿಗೆ ಬಂದಿತ್ತು. ಸೊಸೆಯ ಕಡೆ ನೋಡಿದೆ. ಅವಳು ನೆಲ ನೋಡುತ್ತಾ ನಿಂತಿದ್ದಳು. ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿದವರ ಮಾತನ್ನು ಜೀವಮಾನವಿಡೀ ಟೈಪ್ ಮಾಡಿ ಅವರನ್ನು ಮನಸ್ಸಿನಲ್ಲೇ ಉಗಿದವಳು ನಾನು.

"ಕೇಳ್ತೀನಿ... ಪೂರ್ತಿ ಕೇಳಲ್ಲ."

"ಕೇಳ್ತೀನಿ. ಪೂರ್ತಿ ಕೇಳಲ್ಲ" ಎಂದು ಕಿವಿರಾಯ ದಾಖಲೆಗೆ ಸೇರಿಸಿದ. ನಡುವಿನ ನಿಲುಗಡೆಯನ್ನೂ ಬಿಡಲಿಲ್ಲ ಪುಣ್ಯಾತ್ಮ.

ಆಮೇಲೆ ಸೊಸೆಯ ಸರದಿ. ಕೇಳದೆ ಯಾಕೆ ತಂದಿರಿ ಎಂಬ ಪ್ರಶ್ನೆಗೆ ಅವಳು, "ಕೇಳೋಕೆ ಹೋದೆ, ಮಾತು ಮುಗೀಲಿಲ್ಲ. ಆದ್ರೂ ಕೇಳದೆ ತಂದದ್ದು ತಪ್ಪೇ" ಎಂದಳು.

ಮೌನಗೌರಿ ಬೋರ್ಡಿನ ಕಡೆ ಒಮ್ಮೆ ತಿರುಗಿ ನೋಡಿದಳು. ಸೊಸೆಯ ಕಡೆ ಕೆಂಪು ಬಾವುಟ ತೋರಿಸಿದಳು. ಭೇಷ್ ಎಂದುಕೊಂಡೆ. ಮರುಗಳಿಗೆ ಅದೇ ಕೆಂಪು ಬಾವುಟ ನನ್ನ ಕಡೆ ತಿರುಗಿತು!

"ಫಿರ್ಯಾದಿಗೇ ಶಿಕ್ಷೆನಾ? ಯಾವ ಕಾನೂನಿದು?" ಎಂದು ಕಟಕಟೆ ಕುಟ್ಟಿದೆ. "ಕಾರಣ ಹೇಳ್ಲಿ! ಕಾರಣ ಹೇಳದ ತೀರ್ಪು ತೀರ್ಪೇ ಅಲ್ಲ!"

ಹೆಡ್‌ಮಾಸ್ಟರು ಮುಂದಕ್ಕೆ ಬಾಗಿ, "ಸರಿಯಾದ ಮಾತು. ಹೇಳಮ್ಮಾ, ಕಾರಣ ಹೇಳು" ಎಂದರು. ಮಗುವಿನ ತುಟಿ ಬಿಗಿಯಿತು. ಸೊಸೆ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿದಾಗಲೇ ನಾನು ಮಾಡಿದ ಘನಕಾರ್ಯ ನನಗೆ ಹೊಳೆದದ್ದು. ಮೆಟ್ಟಿಲ ಹಿಂದಿನ ಕೋಣೆಯ ಬಾಗಿಲನ್ನು ನನ್ನ ಕೈಯಾರೆ ತೆರೆದುಕೊಟ್ಟಿದ್ದೆ. ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳೋಣವೆಂದರೆ ಕಿವಿರಾಯ ಆಗಲೇ ಅದನ್ನೂ ಒಪ್ಪಿಸಿ ಮುಗಿಸಿದ್ದ.

ಮೌನಗೌರಿ ಕುರ್ಚಿಯಿಂದ ಇಳಿದಳು. ಬೋರ್ಡಿನ ಹತ್ತಿರ ಹೋಗಿ ಆ ದೊಡ್ಡ ಕಿವಿಯ ಚಿತ್ರದ ಮೇಲೆ ಬೆರಳಿಟ್ಟು ಕುಟ್ಟಿದಳು. ಆಮೇಲೆ ನೆಟ್ಟಗೆ ನನ್ನ ಹತ್ತಿರ ಬಂದು, ಬಗ್ಗು ಎಂದು ಸನ್ನೆ ಮಾಡಿ, ನನ್ನ ಕಿವಿಯನ್ನು ಮೆಲ್ಲಗೆ ಮುಟ್ಟಿದಳು. ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈ ಹಿಡಿದು ನಡೆಸಿಕೊಂಡು ಹೋಗಿ ನನ್ನ ಕುರ್ಚಿಯಲ್ಲೇ ನನ್ನನ್ನು ಕೂರಿಸಿದಳು. ಕುರ್ಚಿ ಕಿರ್ ಎಂದಿತು. ಸ್ಟೂಲನ್ನು ಎಳೆದು ಪಕ್ಕಕ್ಕಿಟ್ಟು ಟೀಚರನ್ನು ಕರೆತಂದು ಅದರ ಮೇಲೆ ಕೂರಿಸಿದಳು. ಅವಳ ಮುಖವನ್ನು ನನ್ನ ಕಡೆಗೂ ನನ್ನ ಮುಖವನ್ನು ಅವಳ ಕಡೆಗೂ ತಿರುಗಿಸಿ, ಗಂಟೆ ಬಾರಿಸಿದಳು. ಕಲಾಪ ಮುಗಿಯಿತು.

ಹೆಡ್‌ಮಾಸ್ಟರು ತಲೆ ಕೆರೆದುಕೊಂಡರು. "ಚೆನ್ನಾಗೇ ಇತ್ತು. ಆದ್ರೆ ಒಂದು ಮಾತೂ ಆಡ್ಲಿಲ್ವಲ್ಲ. ಪಾಠ ಕಲ್ತಿದ್ದಾಳೆ ಅಂತ ನಾನು ಹೇಗೆ ಬರೀಲಿ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನಮ್ಮಾ, ನಿಮಗೇನಾದ್ರೂ ಅರ್ಥ ಆಯ್ತಾ?"

ಸೊಸೆ ನನ್ನನ್ನೇ ನೋಡುತ್ತಿದ್ದಳು.

"ಸ್ವಾಮಿ," ಎಂದೆ, "ಬೆಳಗಿಂದ ಸಂಜೆವರೆಗೂ ಮಾತಾಡಿ, ಏನು ಹೇಳಿದ್ರು ಅಂತ ಯಾರಿಗೂ ತಿಳೀದಿರೋ ತೀರ್ಪುಗಳನ್ನ ನಾನು ಟೈಪ್ ಮಾಡಿದ್ದೀನಿ. ಈ ಮಗು ಹೇಳಿದ್ದು ನನಗೆ ಪೂರ್ತಿ ಅರ್ಥ ಆಯ್ತು. ತಪ್ಪು ಯಾರದು, ಯಾಕೆ, ಶಿಕ್ಷೆ ಏನು, ಎಲ್ಲಾ. ನಾನು ಸೋತೆ. ಅಪೀಲು ಹಾಕಲ್ಲ."

ನಾನು ಸೋತೆ ಎಂಬ ಮಾತು ನನ್ನ ಬಾಯಿಂದ ಹೊರಟದ್ದನ್ನು ನನ್ನ ಮಗ ಇವತ್ತಿಗೂ ನಂಬುವುದಿಲ್ಲ. ಬೇಕಾದರೆ ಕಿವಿರಾಯನನ್ನು ಕೇಳು, ದಾಖಲೆಯಲ್ಲಿದೆ ಎನ್ನುತ್ತೇನೆ.

ಅಧ್ಯಕ್ಷರು ಬೆಂಚಿನಿಂದ ಕಷ್ಟಪಟ್ಟು ಬಿಡಿಸಿಕೊಂಡು ಎದ್ದರು. "ಸೋತವರೇ ಒಪ್ಕೊಂಡ ಮೇಲೆ ಇನ್ನೇನ್ರೀ? ಮಕ್ಕಳು ಇಲ್ಲೇ ಇರ್ಲಿ" ಎಂದು ಹೆಡ್‌ಮಾಸ್ಟರ ಬೆನ್ನು ತಟ್ಟಿದರು. ಹೆಡ್‌ಮಾಸ್ಟರು, "ಆಗ್ಲಿ. ಆದ್ರೆ ಟಿಪ್ಪಣಿ?" ಎಂದರು ಅಭ್ಯಾಸಬಲದಿಂದ. ಚಿತ್ರಗಾರ ಓಡಿಬಂದು ತನ್ನ ಹಾಳೆ ಕೊಟ್ಟ. ಕೋರ್ಟಿನ ಕಲಾಪವನ್ನೆಲ್ಲ ಅದರಲ್ಲಿ ಬರೆದಿದ್ದ. ಜಡ್ಜ್, ಜವಾನ, ಕುರ್ಚಿ, ಎಲ್ಲವೂ ಅಚ್ಚುಕಟ್ಟು. ನನ್ನ ಬಾಯನ್ನು ಮಾತ್ರ ಕುರ್ಚಿಗಿಂತ ದೊಡ್ಡದು ಮಾಡಿದ್ದ. ಅದೀಗ ಹೆಡ್‌ಮಾಸ್ಟರ ಕೋಣೆಯ ಗೋಡೆಯ ಮೇಲಿದೆ, ನಾನು ಆ ಕಡೆ ಹೋಗುವುದಿಲ್ಲ.

ಸಂಜೆ ಅಲಿಪ್ತ ರಾಷ್ಟ್ರ ತಲೆ ತಗ್ಗಿಸಿ ತಳ್ಳುಗಾಡಿಯಲ್ಲಿ ಕುರ್ಚಿಯನ್ನು ಮನೆಗೆ ತಂದ. ಬಿಳಿಚಿದ ಗುರುತುಗಳ ಮೇಲೇ ಸರಿಯಾಗಿ ಇಟ್ಟ. ನಾನು ಕೂತೆ. ಶಿಕ್ಷೆ ಎಂದರೆ ಶಿಕ್ಷೆ. ಸ್ಟೂಲು ತರಿಸಿ ಪಕ್ಕಕ್ಕೆ ಹಾಕಿಸಿ, "ಹೇಳು, ಕೇಳ್ತೀನಿ" ಎಂದೆ.

ಹೇಳಿದಳು ನೋಡಿ! ಕಟ್ಟೆ ಒಡೆದ ಹಾಗೆ ಹೇಳಿದಳು. ಕಿವಿರಾಯನ ಬೆರಳಿಗೆ ಸಿಗುವ ಹಾಗೆ ನದಿಗಳನ್ನು ದಾರದಲ್ಲೂ ಬೆಟ್ಟಗಳನ್ನು ಗುಂಡಿಗಳಲ್ಲೂ ಹೊಲಿದ ಭೂಪಟದ ಕಥೆ. ನನ್ನ ಕೋಟಿನ ಗುಂಡಿಗಳು ಹೋದದ್ದು ಎಲ್ಲಿಗೆ ಎಂದು ಆಗ ತಿಳಿಯಿತು. ಮೌನಗೌರಿಗೆ ಬಾವುಟಗಳನ್ನು ಕೊಡುವ ಮೊದಲು ತಾನು ಎಷ್ಟು ಹೆದರಿದ್ದೆ ಎಂಬ ಕಥೆ. ಎಷ್ಟೋ ಸಲ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು, ಕೈಯಡ್ಡ ಹಿಡಿದು ತಡೆದೆ. ಹೇಳಿಬಿಡುತ್ತೇನೆ, ಕೇಳುತ್ತಾ ಕೇಳುತ್ತಾ ನನಗೆ ಈ ಹುಡುಗಿಯ ಮೇಲೆ ತುಂಬಾ ಅಕ್ಕರೆ ಬಂತು. ಮುಖದಲ್ಲಿ ತೋರಿಸಲಿಲ್ಲ, ಅಷ್ಟೇ.

ಎಲ್ಲ ಮುಗಿದ ಮೇಲೆ ಕೇಳಿದೆ. "ಆವತ್ತು ಪಾಠ ಕೋರ್ಟಿನ ಬಗ್ಗೆ, ಅದಕ್ಕೇ ಅಂತ ಶುರು ಮಾಡಿದ್ಯಲ್ಲ. ಕುರ್ಚಿ ಬೇಕು ಅಂತ ನೇರವಾಗಿ ಕೇಳೋಕೆ ಏನಾಗಿತ್ತು?"

ಸೊಸೆ ಸ್ಟೂಲಿನ ಅಂಚನ್ನು ಸವರುತ್ತಾ ಕೂತಳು.

"ಕುರ್ಚಿ ಕೇಳೋಕೆ ಬಂದಿರ್ಲಿಲ್ಲ ಅತ್ತೆ. ಕೋರ್ಟ್ ಅಂದ್ರೆ ಏನು ಅಂತ ನಿಮ್ಮಷ್ಟು ನೋಡಿದವರು ಯಾರಿದ್ದಾರೆ? ನೀವೇ ಬಂದು ಮಕ್ಕಳಿಗೆ ಹೇಳ್ತೀರಾ ಅಂತ ಕೇಳೋಕೆ ಬಂದಿದ್ದೆ. ಅದಾಗ್ಲಿಲ್ಲ. ಕುರ್ಚಿಯಾದ್ರೂ ಬರ್ಲಿ ಅಂತ ತಗೊಂಡು ಹೋದೆ."

ಆ ಸಂಜೆ ನನ್ನ ಕುರ್ಚಿಯಿಂದ ಯಾವ ತೀರ್ಪೂ ಹೊರಬೀಳಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಬಿಗಿಯಾಗಿ ತಿರುಗಿಸದೆ ಬಂದವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಎದ್ದು ಹೋಗಿ ತಿರುಗಿಸಿ ಬಂದೆ.